ಕೊಂಡಿ ಇಲ್ಲದ ಸೀರೆ: ಇಳಕಲ್ಲಿನ ಒಂದು ಸೆರಗಿನ ಪ್ರಕರಣ

ತಂಗಿಯ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ತರಿಸಿದ ಹಸಿರು ಸೀರೆಯನ್ನು ಅವ್ವ ಬಿಚ್ಚಿದಳು. ಒಡಲು ನೋಡಲಿಲ್ಲ, ಅಂಚಿನ ದಡಿಯನ್ನೂ ನೋಡಲಿಲ್ಲ. ನೇರ ಸೆರಗಿನ ತುದಿಗೆ ಕೈ ಹಾಕಿದಳು. ಅಲ್ಲಿ ಜೋತಾಡುತ್ತಿದ್ದ ದಾರಗಳನ್ನು ಎರಡು ಬೆರಳಲ್ಲಿ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು.

"ಇದರಾಗ ಹಸರ ದಾರ ಐತಲ್ಲ. ಕೊಂಡಿ ಹಾಕಿಲ್ಲ ಇದಕ್ಕ. ಇಳಕಲ್ಲ ಸೀರಿ ಅಲ್ಲವಾ ಇದು," ಅಂದಳು.

ಸೀರೆಯನ್ನು ನಾನು ಬೆಂಗಳೂರಿನಿಂದಲೇ ಆನ್‌ಲೈನ್‌ನಲ್ಲಿ ಕೊಂಡಿದ್ದೆ. ಮಾರಿದವರು 'ಅಪ್ಪಟ ಇಳಕಲ್ ಕೈಮಗ್ಗ' ಎಂದು ಬರೆದಿದ್ದರು. ಫೋಟೋದಲ್ಲಿ ಕೆಂಪು ಸೆರಗು ಇತ್ತು. ಅದರ ಮೇಲೆ ಬಿಳಿಯ ಹಲ್ಲುಹಲ್ಲಿನ ಸಾಲು ಇತ್ತು. ಇಳಕಲ್ ಸೀರೆಯನ್ನು ಗುರುತಿಸಲು ನನಗೆ ಗೊತ್ತಿದ್ದದ್ದು ಅಷ್ಟೇ. ಅವ್ವನಿಗೆ ಗೊತ್ತಿದ್ದದ್ದು ಬೇರೆ. ಆ ವ್ಯತ್ಯಾಸ ಏನು ಅಂತ ತಿಳಿದುಕೊಳ್ಳಲು ಹೊರಟಿದ್ದೇ ಈ ಬರಹ. ನೇಕಾರರ ಚಿತ್ತಾರಗಳಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆಗೂ ನನಗೆ ಉತ್ತರ ಸಿಕ್ಕಿದ್ದು ಈ ಒಂದೇ ಸೀರೆಯ ದಾರಿಯಲ್ಲಿ.

ಎರಡು ಸೀರೆ, ಒಂದು ಚಾಪೆ

ಅವ್ವ ಟ್ರಂಕಿನಿಂದ ತನ್ನ ಹಳೆಯ ಸೀರೆ ತೆಗೆದಳು. ದಾಳಿಂಬೆ ದಡಿ, ಕಪ್ಪು ಒಡಲು, ಕೆಂಪು ಸೆರಗು. ಎರಡೂ ಸೀರೆಗಳನ್ನು ಚಾಪೆಯ ಮೇಲೆ ಪಕ್ಕಪಕ್ಕ ಹರಡಿದೆವು. ದೂರದಿಂದ ನೋಡಿದರೆ ಎರಡೂ ಒಂದೇ ಮನೆಯವು. ಎರಡರ ಸೆರಗಿನಲ್ಲೂ ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ. ಇದನ್ನೇ ತೋಪು ತೆನೆ ಸೆರಗು ಅನ್ನುವುದು.

ಹತ್ತಿರ ಹೋದರೆ ಕಥೆ ಬೇರೆ. ಅವ್ವನ ಸೀರೆಯ ಸೆರಗಿನ ತುದಿಯ ದಾರಗಳೆಲ್ಲ ಕೆಂಪು. ಒಂದಾದರೂ ಕಪ್ಪು ಎಳೆ ಇಲ್ಲ. ಸೀರೆಯನ್ನು ಹಿಂಬದಿಗೆ ತಿರುಗಿಸಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗದಲ್ಲಿ ಬೆರಳಾಡಿಸಿದೆ. ಕಪ್ಪು ಎಳೆಗಳು ಅಲ್ಲಿಗೆ ನಿಂತಿವೆ, ಕೆಂಪು ಎಳೆಗಳು ಅಲ್ಲಿಂದ ಹೊರಟಿವೆ. ಹೊಸ ಸೀರೆಯಲ್ಲಿ ಆ ಗೆರೆಯೇ ಇಲ್ಲ. ಒಡಲಿನ ಹಸಿರು ಎಳೆಗಳು ಸೆರಗಿನ ತುದಿಯವರೆಗೆ ಓಡಿವೆ. ಮೇಲೆ ಅಡ್ಡಕ್ಕೆ ಕೆಂಪು ಹಾಕಿದ್ದಾರೆ, ಅಷ್ಟೇ. ಕೆಂಪಿನ ಕೆಳಗೆ ಹಸಿರು ಇರುವುದರಿಂದ ಬಣ್ಣ ಮಂಕಾಗಿ ಕಾಣುತ್ತಿತ್ತು. ಫೋಟೋದಲ್ಲಿ ಅದು ಗೊತ್ತಾಗಿರಲಿಲ್ಲ.

ಬಟ್ಟೆಯಲ್ಲಿ ಉದ್ದಕ್ಕೆ ಓಡುವ ಎಳೆ ಹಾಸು. ಅಡ್ಡಕ್ಕೆ ಲಾಳಿ ತರುವ ಎಳೆ ಹೊಕ್ಕು. ಹೆಚ್ಚಿನ ಕಡೆ ಮಗ್ಗಕ್ಕೆ ಉದ್ದನೆಯ ಹಾಸು ಏರಿಸಿ, ಒಂದಾದ ಮೇಲೊಂದು ಹಲವು ಸೀರೆ ನೇಯುತ್ತಾರೆ. ಇಳಕಲ್ಲಿನ ಪದ್ಧತಿ ಹಾಗಲ್ಲ. ಅಲ್ಲಿ ಒಡಲಿಗೆ ಒಂದು ಹಾಸು, ದಡಿಗೆ ಇನ್ನೊಂದು, ಸೆರಗಿಗೆ ಮತ್ತೊಂದು. ಸೆರಗಿನ ಹಾಸು 16ರಿಂದ 27 ಅಂಗುಲದಷ್ಟು ಗಿಡ್ಡ. ಆ ಗಿಡ್ಡ ಕೆಂಪು ಎಳೆಗಳನ್ನು ಒಡಲಿನ ಉದ್ದ ಎಳೆಗಳಿಗೆ ಒಂದೊಂದಾಗಿ ಕೂಡಿಸಬೇಕು. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ದಾಟಿಸುತ್ತಾ ಹೋಗಬೇಕು. ಸರಪಳಿಯ ಕೊಂಡಿಗಳು ಒಂದಕ್ಕೊಂದು ಸಿಕ್ಕಿಕೊಂಡ ಹಾಗೆ. ಅದಕ್ಕೇ ಆ ಕೆಲಸದ ಹೆಸರೂ ಕೊಂಡಿ. ಸೀರೆಯ ಅಗಲ ಪೂರ್ತಿ ಸಾವಿರಾರು ಎಳೆ. ಹೀಗೆ ಕೂಡಿಸಿದ ಹಾಸಿನಲ್ಲಿ ಬರುವುದು ಒಂದೇ ಸೀರೆ. ಮುಂದಿನ ಸೀರೆಗೆ ಎಲ್ಲವೂ ಮೊದಲಿನಿಂದ.

ಯಾಕೆ ಇಷ್ಟು ಕಷ್ಟ? ಅವ್ವ ಕೊಟ್ಟ ಉತ್ತರ ಬಹಳ ಸರಳ. ಸೆರಗು ತಲೆಯ ಮೇಲೆ ಬರುತ್ತದೆ. ನಾಲ್ಕು ಜನಕ್ಕೆ ಕಾಣುವುದು ಅದೇ. ಹೊಲ, ಒಲೆ, ಬಾವಿ ಅಂತ ದುಡಿಯುವ ಹೆಂಗಸಿಗೆ ಮೈತುಂಬ ರೇಷ್ಮೆ ಎಲ್ಲಿಂದ ಬರಬೇಕು? ಒಡಲು ಹತ್ತಿಯದ್ದೇ ಇರಲಿ, ಸೆರಗಾದರೂ ರೇಷ್ಮೆಯದ್ದಾಗಲಿ. ರೇಷ್ಮೆ ಕೈಗೆಟುಕದಿದ್ದರೆ ಚಮಕಾ ಅನ್ನುವ ಕೃತಕ ರೇಷ್ಮೆಯಾದರೂ ಇರಲಿ. ಕೊಂಡಿ ಹಾಕಿದರೆ ಬೆಲೆಬಾಳುವ ನೂಲು ಬೇಕಾದ ಜಾಗಕ್ಕೆ ಮಾತ್ರ ಸಾಕು. ಕೆಂಪೂ ಬೆರಕೆಯಾಗದೆ ಉಳಿಯುತ್ತದೆ.

ಇದು ಕೇಳಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಸ್ಫೂರ್ತಿ ಅಂದರೆ ನಾವು ಚಿತ್ರವನ್ನೇ ನೋಡುತ್ತೇವೆ. ನವಿಲು, ಕಮಲ, ಗೋಪುರ. ಇಳಕಲ್ಲಿನಲ್ಲಿ ಚಿತ್ರಕ್ಕಿಂತ ಮೊದಲು ಉಡುವವಳ ಬದುಕು ಇದೆ. ಅವಳಿಗೆ ಏನು ಬೇಕು, ಎಷ್ಟು ದುಡ್ಡಿದೆ, ಹೇಗೆ ಹೊದೆಯುತ್ತಾಳೆ ಅನ್ನುವುದರಿಂದ ನೇಯುವ ರೀತಿ ಹುಟ್ಟಿದೆ. ಆ ರೀತಿಯ ಮೇಲೆ ಚಿತ್ರ ಕೂತಿದೆ. ನಾನು ಕೊಂಡ ಸೀರೆಯಲ್ಲಿ ಚಿತ್ರ ಮಾತ್ರ ಇತ್ತು.

ಇಳಕಲ್ಲಿಗೆ

ಕುಬಸಕ್ಕೆ ಇನ್ನೂ ಐದು ವಾರ ಇತ್ತು. ಸೀರೆ ವಾಪಸ್ ಕಳಿಸಿದೆ, ದುಡ್ಡು ಬಂತು. ಆದರೆ 'ಅಪ್ಪಟ ಇಳಕಲ್' ಅನ್ನುವ ಸಾಲು ಆ ಪುಟದಲ್ಲಿ ಹಾಗೇ ಇತ್ತು. ಎರಡು ಸಲ ಬರೆದು ಕೇಳಿದರೂ ಬದಲಾಗಲಿಲ್ಲ. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾನೂನೂ ಇದೆ. ಆದರೂ ಮೊಬೈಲ್ ಪರದೆಯ ಮೇಲೆ ಯಾರು ಯಾವ ಹೆಸರು ಹಾಕಿದರೂ ಕೊಳ್ಳುವವರಿಗೆ ತಿಳಿಯುವುದಿಲ್ಲ. ನನಗಂತೂ ಈ ವಿಷಯ ಬಹಳ ಬೇಜಾರು ತಂದಿತು.

ಅವ್ವ ಮತ್ತು ನಾನು ಬಾಗಲಕೋಟೆಯಿಂದ ಬೆಳಗಿನ ಬಸ್ಸು ಹತ್ತಿದೆವು. ಇಳಕಲ್ ಮೊದಲು ಹುನಗುಂದ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಊರು ಹೆಸರಾಗಿರುವುದು ಎರಡರಿಂದ: ಒಂದು ಸೀರೆ, ಇನ್ನೊಂದು ಕೆಂಪು ಗ್ರಾನೈಟ್ ಕಲ್ಲು. ಓಣಿಗೆ ಕಾಲಿಟ್ಟರೆ ಎರಡು ಥರದ ಸದ್ದು. ಪವರ್‌ಲೂಮ್ ಒಂದೇ ಸಮನೆ ಬಡಿಯುತ್ತದೆ. ಕೈಮಗ್ಗದ ಸದ್ದು ನಿಂತು ನಿಂತು ಬರುತ್ತದೆ. ಎಳೆ ಹರಿದಾಗ, ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಿಸುವಾಗ, ಯಾರಾದರೂ ಬಾಗಿಲಿಗೆ ಬಂದಾಗ ಅದು ಸುಮ್ಮನಾಗುತ್ತದೆ. ನಾವು ಹೋದಾಗಲೂ ಹಾಗೇ ಸುಮ್ಮನಾಯಿತು.

ಅವ್ವನ ಪರಿಚಯದವರ ಮೂಲಕ ಹೋದ ಮನೆ ಅದು. ಯಜಮಾನರು ಅರವತ್ತು ದಾಟಿದವರು. ಅವರ ಹೆಂಡತಿ ಒಳಗೆ ರಾಟೆಯ ಮುಂದೆ ಕೂತಿದ್ದರು. ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕೂತು ನೇಯುವುದು. ಹಾಸು ನೆಲಕ್ಕೆ ಹತ್ತಿರ ಇರುತ್ತದೆ. ಕುಣಿಯ ತಂಪಿಗೆ ಹತ್ತಿಯ ಎಳೆ ಬೇಗ ಹರಿಯುವುದಿಲ್ಲ ಅನ್ನುತ್ತಾರೆ.

ಯಜಮಾನರು ದಡಿಗಳನ್ನು ತೋರಿಸಿದರು. ಗೋಮಿ, ಗಾಡಿ, ಚಿಕ್ಕಿ, ಪರಾಸಪೇಟ. ಚಿಕ್ಕಿ ಅಂದರೆ ನಮ್ಮ ಕಡೆ ನಕ್ಷತ್ರ. ಆಮೇಲೆ ಸೆರಗಿನ ಬಗೆಗಳು ಬಂದವು. ಹಣಿಗೆ, ಅಂದರೆ ಬಾಚಣಿಗೆಯ ಹಲ್ಲು. ಕೋಟಿ ಕಮ್ಮಲಿ, ಕೋಟೆ ಗೋಡೆಯ ತಲೆ. ರಂಪ, ಗುಡ್ಡದ ಸಾಲು. ತೋಪು ತೆನೆ. ನನಗೆ ಹಣಿಗೆ ಬಹಳ ಹಿಡಿಸಿತು. ನೇಕಾರನ ಕಣ್ಣ ಮುಂದೆ ದಿನವಿಡೀ ಇರುವ ಮಗ್ಗದ ಫಣಿಯೂ ಬಾಚಣಿಗೆಯ ಹಾಗೇ ಇರುತ್ತದೆ ಅಲ್ವಾ? ಹೆಂಗಸಿನ ತಲೆ ಬಾಚುವ ವಸ್ತು, ಎಳೆಗಳನ್ನು ಬಾಚುವ ವಸ್ತು, ಎರಡೂ ಆ ಸೆರಗಿನಲ್ಲಿ ಕೂಡಿ ತಲೆಯ ಮೇಲೇ ಬಂದು ಕೂರುತ್ತವೆ.

ತೆನೆ ಯಾವುದು?

ಇಲ್ಲಿ ಒಂದು ಸಣ್ಣ ವಾದ ಆಯಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಭಾಗ ಇದು.

ತೋಪು ತೆನೆಯಲ್ಲಿರುವ ತೆನೆ ಏನು ಅಂತ ಕೇಳಿದೆ. ಯಜಮಾನರು ತಡಮಾಡದೆ ಹೇಳಿದರು. "ಕೋಟಿ ಗ್ವಾಡಿ ಮ್ಯಾಲೆ ಇರತಾವಲ್ರಿ ಹಲ್ಲು, ಅವರಿ. ಬದಾಮಿಗೆ ಹೋದ್ರ ಕಾಣತಾವ."

ರಾಟೆ ನಿಂತಿತು. ಒಳಗಿನಿಂದ ಅವರ ಹೆಂಡತಿ ಅಂದರು. "ಜೋಳದ ತೆನಿ ಅದು ತಂಗಿ. ಕೋಟಿದು ಬ್ಯಾರೇನ ಐತಿ, ಕೋಟಿ ಕಮ್ಮಲಿ ಅಂತ. ಎರಡಕ್ಕೂ ಒಂದ ಅರ್ಥ ಆದ್ರ ಎರಡ ಹೆಸರ ಯಾಕ ಇಡತಿದ್ರು?"

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ಹಂಗ ಹೇಳತಿದ್ದ," ಅಂದರು. ಅವರ ಹೆಂಡತಿ, "ನಮ್ಮವ್ವ ಹಿಂಗ ಹೇಳತಿದ್ಲು," ಅಂದರು.

ಮನೆಗೆ ಬಂದು ನಿಘಂಟು ತೆಗೆದೆ. ಕನ್ನಡದಲ್ಲಿ ತೆನೆ ಅಂದರೆ ಕಾಳು ತುಂಬಿದ ತೆನೆ. ಕೋಟೆ ಗೋಡೆಯ ತುದಿಯಲ್ಲಿ ಹಲ್ಲುಹಲ್ಲಾಗಿ ಎದ್ದ ಭಾಗಕ್ಕೂ ತೆನೆ ಅಂತಲೇ ಹೆಸರು. ತೋಪು ಅಂದರೆ ಗಿಡಗಳ ತೋಪು, ಫಿರಂಗಿಯೂ ತೋಪೇ. ಒಂದೇ ಹೆಸರಿನೊಳಗೆ ಹೊಲವೂ ಇದೆ, ಕೋಟೆಯೂ ಇದೆ. ಇಬ್ಬರಲ್ಲಿ ಯಾರು ಸರಿ ಅಂತ ತೀರ್ಮಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಈ ಸೀಮೆಯಲ್ಲಿ ಎರಡೂ ಕಣ್ಣಿಗೆ ಬೀಳುತ್ತವೆ. ಬದಾಮಿ, ಬಿಜಾಪುರದ ಕೋಟೆಗಳೂ ದೂರ ಇಲ್ಲ, ಹಿಂಗಾರಿ ಜೋಳದ ಎರೆಹೊಲವೂ ದೂರ ಇಲ್ಲ. ಅದೇ ಹಲ್ಲಿನ ಸಾಲಿನಲ್ಲಿ ಗಂಡಸು ಕೋಟೆ ಕಂಡ. ಹೆಂಗಸು ರೊಟ್ಟಿಯ ಜೋಳ ಕಂಡಳು. ತಂದೆಯ ಮಾತು ಮಗನಿಗೆ, ತಾಯಿಯ ಮಾತು ಮಗಳಿಗೆ ಹೋಗಿ, ಎರಡೂ ಒಂದೇ ಮನೆಯ ಒಂದೇ ಮಗ್ಗದ ಸುತ್ತ ಉಳಿದಿವೆ.

ಈ ಚಿತ್ತಾರಕ್ಕೆ ಮೂಲ ಇದೇ ಅಂತ ಒಂದೇ ಸಾಲಿನಲ್ಲಿ ಬರೆದು ಬಿಡುವ ಬರಹಗಳನ್ನು ನಾನು ಜಾಸ್ತಿ ಓದಿದ್ದೇನೆ. ಇನ್ನು ಮುಂದೆ ಅಂಥವನ್ನು ನಂಬುವ ಮೊದಲು ರಾಟೆಯ ಮುಂದೆ ಕೂತವರನ್ನೂ ಕೇಳಿದ್ದಾರಾ ಅಂತ ನೋಡುತ್ತೇನೆ.

ನವಿಲು ಬೇಕು ಅಂದಾಗ

ತಂಗಿ ಫೋನಿನಲ್ಲಿ ಒಂದು ಆಸೆ ಹೇಳಿದ್ದಳು. ಸೆರಗಿನಲ್ಲಿ ತೆನೆಯ ಬದಲು ನವಿಲು ಬರಬೇಕು. ಅದನ್ನು ಯಜಮಾನರ ಮುಂದಿಟ್ಟೆ.

"ನವಿಲು ಬೇಕಂದ್ರ ಸೂಜಿಗೆ ಹೇಳ್ರಿ. ಮಗ್ಗಕ್ಕ ಹೇಳಬ್ಯಾಡ್ರಿ," ಅಂದರು.

ಅವರು ಹೇಳಿದ್ದು ಕಸೂತಿಯ ವಿಷಯ. ಇಳಕಲ್ ಸೀರೆಯ ಮೇಲೆ ನವಿಲು, ಆನೆ, ಪಲ್ಲಕ್ಕಿ, ತೇರು, ತುಳಸಿಕಟ್ಟೆ ಬರೆಯುವುದು ಸೂಜಿಯ ಕೆಲಸ. ಅದು ಹೆಂಗಸರ ಕೈಯ ಕೆಲಸ. ಹಿಂದೆ ಧಾರವಾಡ ಕಡೆ ಮದುವೆಯ ಕಪ್ಪು ಚಂದ್ರಕಳಿ ಸೀರೆಗೆ ಕಸೂತಿ ಇರಲೇಬೇಕಿತ್ತು. ಮಗ್ಗ ಗೆರೆ ಮತ್ತು ಹಲ್ಲುಗಳಲ್ಲಿ ಮಾತಾಡುತ್ತದೆ, ಸೂಜಿ ಹಕ್ಕಿ ಮತ್ತು ತೇರುಗಳಲ್ಲಿ. ಒಂದು ಸೀರೆಯಲ್ಲಿ ಎರಡಕ್ಕೂ ಅದರದರ ಜಾಗ ಇದೆ.

ಹಾಗಾದರೆ ನೇಕಾರರು ತಾವೇ ಹೊಸದಾಗಿ ಮಾಡುವುದು ಏನೂ ಇಲ್ಲವಾ? ಸೆರಗು ಹಿರಿಯರದ್ದು, ದಡಿ ಹಿರಿಯರದ್ದು. ಈ ಅನುಮಾನ ನನಗೆ ಬಂದಿತ್ತು. ಉತ್ತರ ಒಡಲಿನಲ್ಲಿ ಸಿಕ್ಕಿತು.

ಕುಬಸಕ್ಕೆ ಹಸಿರು ಸೀರೆಯೇ ಬೇಕು. ಬರೀ ಹಸಿರು ಬೇಡ, ಚೌಕಡಿ ಇರಲಿ ಅಂತ ಅವ್ವ ಹೇಳಿದಳು. ಯಜಮಾನರು ಹಸಿರು ನೂಲನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಮೂರು ಥರದ ಹಳದಿ ಇಟ್ಟರು. ಬಾಗಿಲ ಬೆಳಕಿಗೆ ತಂದು ನೋಡಿದರು. ನಿಂಬೆಹಳದಿಯನ್ನು ತೆಗೆದರು. "ಇದು ಹಸರಿನ ಮ್ಯಾಲೆ ಸಾಯತೈತಿ." ಅರಿಶಿನದ ಬಣ್ಣವನ್ನೂ ತೆಗೆದರು. ಉಳಿದದ್ದು ಸ್ವಲ್ಪ ಕೇಸರಿ ತಿರುಗಿದ ಹಳದಿ. "ಕುಸುಬಿ ಹೂವಿನ ಬಣ್ಣ ಇದು. ಅಕ್ಕಡಿ ಹಾಕಿದಂಗ ಹಾಕೂಣು," ಅಂದರು.

ಎರೆಹೊಲ ನೋಡಿದವರಿಗೆ ಈ ಮಾತು ತಕ್ಷಣ ತಿಳಿಯುತ್ತದೆ. ಹಿಂಗಾರಿ ಜೋಳದ ನಡುವೆ ಇಷ್ಟಿಷ್ಟು ಸಾಲಿಗೆ ಒಂದು ಕುಸುಬಿ ಸಾಲು ಹಾಕುತ್ತಾರೆ. ಅದನ್ನು ಅಕ್ಕಡಿ ಸಾಲು ಅನ್ನುತ್ತಾರೆ. ಹೂ ಬಿಟ್ಟಾಗ ಹಸಿರಿನ ನಡುವೆ ದೂರದವರೆಗೆ ಹಳದಿ ಗೆರೆ. ಯಜಮಾನರು ಅದೇ ಲೆಕ್ಕವನ್ನು ಹಾಸಿನ ಎಳೆಗಳಿಗೆ ತಂದರು. ಇಷ್ಟು ಹಸಿರು ಎಳೆ, ಆಮೇಲೆ ಜೋಡಿ ಹಳದಿ. ಅಡ್ಡಕ್ಕೆ ಬರುವ ಹೊಕ್ಕಿನಲ್ಲಿ ಮಾತ್ರ ಹಳದಿಯ ನಡುವಿನ ದೂರವನ್ನು ಸ್ವಲ್ಪ ಹೆಚ್ಚು ಮಾಡಿದರು. ಯಾಕೆ ಅಂತ ಕೇಳಿದೆ. ಎರಡೂ ಕಡೆ ಒಂದೇ ಅಳತೆ ಇಟ್ಟರೆ ಹಾಸಿಗೆಯ ಚಾದರ ಕಂಡಂಗೆ ಕಾಣುತ್ತದೆ, ಉಟ್ಟಾಗ ಉದ್ದ ಚೌಕಡಿ ಮೈಗೆ ಒಪ್ಪುತ್ತದೆ ಅಂದರು. ಯಾವ ಹಾಳೆಯ ಮೇಲೂ ಬರೆಯಲಿಲ್ಲ. ಬೆರಳು ಮಡಚಿ ಎಣಿಸಿದರು.

ಇದನ್ನು ಕಲೆ ಅಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹಿರಿಯರಿಂದ ಬಂದ ಸೆರಗನ್ನು ಅವರು ಮುಟ್ಟಲಿಲ್ಲ. ತಮ್ಮ ಕಣ್ಣು ಕಂಡದ್ದನ್ನು ಎಣಿಕೆಯಲ್ಲಿ ಇಟ್ಟರು.

ಕೂಲಿಯಲ್ಲಿ ಕಾಣದ ಕೆಲಸ

ಎರಡನೇ ಸಲ ಹೋದಾಗ ಕೊಂಡಿ ಹಾಕುವುದನ್ನು ನೋಡಿದೆ. ಯಜಮಾನರ ಹೆಂಡತಿ ಮತ್ತು ಸೊಸೆ ಎದುರುಬದುರು ಕೂತಿದ್ದರು. ಒಂದು ಕುಣಿಕೆ, ಇನ್ನೊಂದು ಕುಣಿಕೆ, ಒಂದು ಎಳೆತ. ಮಾತಾಡುತ್ತಲೇ ಇದ್ದರು, ಬೆರಳು ನಿಲ್ಲಲಿಲ್ಲ. ನನಗೂ ನಾಲ್ಕು ಎಳೆ ಕೊಟ್ಟರು. ಎರಡು ಬಿಚ್ಚಿಕೊಂಡವು. ಸೊಸೆ ಮತ್ತೆ ಹಾಕಿದರು.

ಈ ಭಾಗದಲ್ಲಿ ಬಹಳಷ್ಟು ಮನೆಗಳಿಗೆ ನೂಲು ಬರುವುದು ಸಾವಕಾರರಿಂದ. ನೇಯ್ದ ಸೀರೆ ಅವರಿಗೇ ಹೋಗುತ್ತದೆ. ಸೀರೆಗೆ ಇಷ್ಟು ಅಂತ ಮಜೂರಿ ಸಿಗುತ್ತದೆ. ಕಂಡಿಕೆ ಸುತ್ತಿದ್ದು, ಗಂಜಿ ಹಾಕಿದ್ದು, ಕೊಂಡಿ ಹಾಕಿದ್ದು ಎಲ್ಲ ಆ ಒಂದೇ ಮೊತ್ತದೊಳಗೆ. ಮಜೂರಿ ಗಂಡಸಿನ ಹೆಸರಿನಲ್ಲಿ, ಕೊಂಡಿ ಹೆಂಗಸಿನ ಬೆರಳಿನಲ್ಲಿ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಮಂದಿ ಈ ಕೆಲಸದಲ್ಲಿದ್ದಾರೆ. ಅವರಲ್ಲಿ ನೂರಕ್ಕೆ 70ಕ್ಕೂ ಜಾಸ್ತಿ ಹೆಂಗಸರು. ಅಂಥ ಲೆಕ್ಕದೊಳಗೆ ಈ ಇಬ್ಬರ ಆ ದಿನದ ಕೆಲಸಕ್ಕೆ ಬೇರೆ ಸಾಲು ಇಲ್ಲ.

ನಾವು ನೇರ ಅವರಿಗೇ ಹೇಳಿ ಮಾಡಿಸಿದ್ದರಿಂದ ಬೆಲೆಯನ್ನು ಬಿಡಿಸಿ ಕೇಳಿದೆ. ನೂಲು ಎಷ್ಟು, ನೇಯ್ಗೆ ಎಷ್ಟು, ಕೊಂಡಿ ಎಷ್ಟು. ಯಜಮಾನರಿಗೆ ಪ್ರಶ್ನೆಯೇ ಹೊಸದು. ಕೊಂಡಿಗೆ ಬೇರೆ ಹಣ ಅನ್ನುವುದನ್ನು ಅವರು ಯೋಚಿಸಿರಲಿಲ್ಲ. ಸೊಸೆ ಮಾತ್ರ ತಲೆ ಎತ್ತಿ ನೋಡಿದರು. ಕೊನೆಗೆ ಕೊಂಡಿಗೆ ಒಂದು ಮೊತ್ತ ಅಂತ ಹಾಕಿ ಅವರಿಬ್ಬರ ಕೈಗೇ ಕೊಟ್ಟೆವು. ದೊಡ್ಡ ಹಣವೇನಲ್ಲ. ಆದರೆ ಚೀಟಿಯಲ್ಲಿ 'ಕೊಂಡಿ' ಅಂತ ಒಂದು ಸಾಲು ಬಂತು. ಕೈಮಗ್ಗದ ಸೀರೆ ಕೊಳ್ಳುವ ಪ್ರತಿಯೊಬ್ಬರೂ ಆ ಸಾಲನ್ನು ಕೇಳಬೇಕು ಅಂತ ನನ್ನ ಆಸೆ.

ಸೀರೆ ಬಂತು

ಕುಬಸಕ್ಕೆ ಎಂಟು ದಿನ ಇರುವಾಗ ಸೀರೆ ಸಿದ್ಧವಾಯಿತು. ಅವ್ವ ಮತ್ತೆ ಸೆರಗಿನ ತುದಿ ಹಿಡಿದಳು. ಎಲ್ಲ ಕೆಂಪು. ಹಿಂಬದಿ ತಿರುಗಿಸಿ ಕೂಡುಗೆರೆಯ ಮೇಲೆ ಹೆಬ್ಬೆರಳು ಎಳೆದಳು. ಏನೂ ಹೇಳಲಿಲ್ಲ. ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಳು.

ಜೊತೆಗೆ ಕುಪ್ಪಸದ ಖಣ ಗುಳೇದಗುಡ್ಡದಿಂದ ತಂದೆವು. ಕುಬಸ ಅಂದರೇ ಕುಪ್ಪಸ ಅಲ್ವಾ, ಖಣ ಇಲ್ಲದೆ ಆ ಕಾರ್ಯ ಇಲ್ಲ. ಅಲ್ಲಿಯ ಚಿತ್ತಾರಗಳಿಗೂ ಇಂಥವೇ ಹೆಸರು. ತೇರು, ಕ್ಯಾದಗಿ (ಕೇದಿಗೆ), ಆನೆ ಹೆಜ್ಜೆ. ಬನಶಂಕರಿ ಜಾತ್ರೆಯ ತೇರು ಎಳೆದ ಜನ ಅದನ್ನು ಖಣದಲ್ಲೂ ನೇಯ್ದಿದ್ದಾರೆ. ತಂಗಿ ತೇರಿನ ಖಣವನ್ನೇ ಆರಿಸಿದಳು.

ನವಿಲಿನ ಆಸೆ ಮಾತ್ರ ಬಾಕಿ ಇತ್ತು. ಅವ್ವ ಸೂಜಿ ಹಿಡಿದಳು. ಹತ್ತು ವರ್ಷದಿಂದ ಬಿಟ್ಟಿದ್ದ ಕೆಲಸ. ಕಸೂತಿಗೆ ಪೆನ್ಸಿಲ್ ಗೆರೆ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಗೆ ಹಾಕಬೇಕು. ಗಂಟೂ ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿ ಹಾಕಿದರೆ ಎರಡೂ ಬದಿ ಒಂದೇ ಥರ ಕಾಣುತ್ತದೆ. ನೇಯ್ಗಿ ಹಾಕಿದರೆ ಮಗ್ಗದ್ದೇ ನೇಯ್ಗೆಯ ಹಾಗೆ ಕಾಣುತ್ತದೆ. ಮೆಂತೆ ಅಂದರೆ ಅಡುಗೆಮನೆಯ ಮೆಂತ್ಯದ ಕಾಳೇ. ಯಜಮಾನರು ಬೆರಳು ಮಡಚಿ ಎಣಿಸಿದ ಎಳೆಗಳನ್ನು ಅವ್ವ ಸೂಜಿಯ ತುದಿಯಿಂದ ಮತ್ತೆ ಎಣಿಸುತ್ತಿದ್ದಳು. ಕನ್ನಡಕ ಹಾಕಿ ತೆಗೆದು, ಹಾಕಿ ತೆಗೆದು.

ಎಂಟು ದಿನದಲ್ಲಿ ನವಿಲಿನ ಕೊಕ್ಕು, ಕತ್ತು, ಎದೆ ಆಯಿತು. ಕುಬಸದ ದಿನ ತಂಗಿ ಅದನ್ನೇ ಉಟ್ಟು ಹಸಿರು ಬಳೆ ಹಾಕಿಕೊಂಡು ಕೂತಳು. ನೋಡಿದವರು ನವಿಲಿನ ಬಾಲ ಎಲ್ಲಿ ಅಂತ ಕೇಳಿದರು. ತೊಟ್ಟಿಲ ಹೊತ್ತಿಗೆ ಬರುತ್ತದೆ ಅಂತ ಅವ್ವ ಹೇಳಿದಳು. ಸೀರೆ ಈಗ ಅವ್ವನ ಹತ್ತಿರವೇ ಇದೆ. ನಿನ್ನೆ ಫೋನ್ ಮಾಡಿದಾಗ ಮೊದಲನೇ ಗರಿ ಮುಗಿದಿತ್ತು.